ಚಕ್ಕಡಿ ದಾರಿ ಉಳುವವನ ಆಸ್ತಿಯಲ್ಲ

ಚಿಕ್ಕೇರೂರು ಸುತ್ತಮುತ್ತಲಿನ ಯಾವ ಊರಿನ ಗ್ರಾಮ ನಕಾಶೆಯನ್ನಾದರೂ ಬಿಡಿಸಿ ನೋಡಿ. ಸರ್ವೆ ನಂಬರುಗಳ ನಡುವೆ ಚುಕ್ಕೆಸಾಲುಗಳು ಹರಿದಿರುತ್ತವೆ. ಒಂಟಿ ಸಾಲು ಕಾಲುದಾರಿ, ಜೋಡಿ ಸಾಲು ಬಂಡಿದಾರಿ. ಈ ಸೀಮೆ ಧಾರವಾಡ ಜಿಲ್ಲೆಯೊಂದಿಗೆ ಮುಂಬಯಿ ಆಡಳಿತದಲ್ಲಿದ್ದ ಕಾಲದಿಂದಲೂ ಮೋಜಣಿಯವರು ದಾರಿಗಳನ್ನು ಗುರುತಿಸುತ್ತ ಬಂದಿದ್ದಾರೆ. ಅವರು ಹೊಸ ದಾರಿ ಹಾಕಲಿಲ್ಲ, ಜನ ಮೊದಲೇ ತುಳಿದಿದ್ದನ್ನು ಬರೆದುಕೊಂಡರು, ಅಷ್ಟೆ. ಅದೇ ನಕಾಶೆ ಹಿಡಿದು ಇಂದು ಹೊಲಕ್ಕಿಳಿದರೆ ಎಷ್ಟೋ ಕಡೆ ಎದೆಮಟ್ಟ ಗೋವಿನಜೋಳ ಎದುರಾಗುತ್ತದೆ. ವರ್ಷಕ್ಕೊಂದು ಸಾಲು ಒತ್ತಿ ಉತ್ತರೆ ಹತ್ತು ವರ್ಷದಲ್ಲಿ ಚಕ್ಕಡಿ ದಾರಿ ಕಾಲುದಾರಿಯಾಗುತ್ತದೆ. ಆಮೇಲೆ ತಂತಿಬೇಲಿ ಬೀಳುತ್ತದೆ.

ಇದನ್ನು ಅಕ್ಕಪಕ್ಕದ ಹೊಲದವರ ಜಗಳವೆಂದು ಅಧಿಕಾರಿಗಳು ಕೈಬಿಡುವುದು ತಪ್ಪು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳೆಲ್ಲ ಸರ್ಕಾರದ ಸ್ವತ್ತು. ಅದೇ ಕಾಯ್ದೆಯಡಿಯ 1966ರ ನಿಯಮಗಳು ರಸ್ತೆ ಅಥವಾ ಮಾನ್ಯ ಕಾಲುದಾರಿ ಹಾದುಹೋಗುವ ನೆಲವನ್ನು 'ಬ' ಖರಾಬಿಗೆ, ಅಂದರೆ ಸಾರ್ವಜನಿಕ ಬಳಕೆಗೆಂದು ಕಂದಾಯ ಹಾಕದೆ ಬಿಟ್ಟ ನೆಲಕ್ಕೆ, ಸೇರಿಸಿವೆ. ಆ ಗುಂಟೆಗಳಿಗೆ ಹೊಲದವನು ಕಂದಾಯ ಕಟ್ಟಿಲ್ಲ, ಅವು ಅವನ ಸ್ವತ್ತೂ ಅಲ್ಲ. ನಿಮ್ಮ ಪಹಣಿಯಲ್ಲಿ 'ಬ' ಖರಾಬು ಎಂದಿದ್ದರೆ ಅದು ಯಾತಕ್ಕೆ ಬಿಟ್ಟ ನೆಲವೆಂದು ಒಮ್ಮೆ ವಿಚಾರಿಸಿ.

"ಟ್ರ್ಯಾಕ್ಟರ್ ಬಂತು, ಡಾಂಬರು ರಸ್ತೆ ಆಯ್ತು, ಆ ದಾರೀಲಿ ಈಗ ಯಾರು ಹೋಗ್ತಾರ?" ಎಂದು ಕೇಳುವವರಿದ್ದಾರೆ. ಪಾಲಾಗಿ ಪಾಲಾಗಿ ಎರಡೆಕರೆಗೆ ಇಳಿದ ರೈತನಿಗೆ ಒಂದು ಗುಂಟೆಯೂ ದೊಡ್ಡದೆಂಬುದು ನನಗೆ ಗೊತ್ತು. ಆದರೆ ದಾರಿ ಬೇಡವಾಯಿತೆಂದು ತೀರ್ಮಾನಿಸುವವನು ಅವನಲ್ಲ. ಅದಕ್ಕೆ ಅದೇ ಕಾಯ್ದೆಯ 68ನೇ ಕಲಮು ಇದೆ: ಜಿಲ್ಲಾಧಿಕಾರಿ ಪ್ರಕಟಣೆ ಹೊರಡಿಸಿ, ತಕರಾರು ಕೇಳಿ, ಆಮೇಲಷ್ಟೇ ಸಾರ್ವಜನಿಕರ ಹಕ್ಕನ್ನು ರದ್ದುಮಾಡಬೇಕು. ರೆಂಟೆ ಹೊಡೆದು ಮುಗಿಸುವ ಕೆಲಸ ಇದಲ್ಲ. ದಾರಿ ಮುಚ್ಚಿದಾಗ ಮೊದಲು ಸಿಕ್ಕಿಬೀಳುವವನೂ ಎರಡೆಕರೆಯವನೇ. ಹಿಂದಿನ ಹೊಲದಲ್ಲಿ ಹತ್ತಿ ಬಿಡಿಸಿಟ್ಟು, ಹೊರಗೆ ಸಾಗಿಸಲು ಮುಂದಿನವನ ಕೈಕಾಲು ಹಿಡಿಯಬೇಕಾಗುತ್ತದೆ. ಅವನಿಗೆ ನಾವು ತೋರಿಸುವುದು ಸಿವಿಲ್ ಕೋರ್ಟನ್ನು! ಅಲ್ಲಿ ಅವನು ಇಪ್ಪತ್ತು ವರ್ಷದ ಅಡೆತಡೆಯಿಲ್ಲದ ಓಡಾಟವನ್ನು ರುಜುವಾತು ಮಾಡಬೇಕು.

ಇದು ಬರೀ ಸಾಗಾಟದ ಮಾತಲ್ಲ. ಭರತ ಹುಣ್ಣಿಮೆಯ ಮೈಲಾರ ಜಾತ್ರೆಗೆ ನಮ್ಮ ಜಿಲ್ಲೆಯ ಜನ ಇಂದಿಗೂ ಕೊಲ್ಲಾರಿ ಕಟ್ಟಿದ ಚಕ್ಕಡಿಗಳಲ್ಲಿ ಹೊರಡುತ್ತಾರೆ. ಎಲ್ಲಿ ಎತ್ತು ಬಿಚ್ಚಬೇಕು, ಯಾವ ಹಳ್ಳದಲ್ಲಿ ನೀರು ಕುಡಿಸಬೇಕು, ಯಾವ ಮರದಡಿ ಬುತ್ತಿ ಬಿಚ್ಚಬೇಕು ಎಂಬುದೆಲ್ಲ ಹಿರಿಯರಿಗೆ ಬಾಯಿಪಾಠ. ಅವರೆಲ್ಲ ಈಗ ಲಾರಿಗಳ ನಡುವೆ ಹೆದ್ದಾರಿಯಲ್ಲಿ ಎತ್ತು ಹೊಡೆಯಬೇಕಾಗಿದೆ. ನಮ್ಮ ಸೀಮೆಯ ಅಬಲೂರಿನ ಗುಡಿಯ ಶಿಲ್ಪ, ಶಾಸನಗಳು ಪರಂಪರೆಯೆಂದು ಒಪ್ಪುವ ನಾವು, ಆ ಗುಡಿಗೆ ಜನ ನಡೆದು ಬಂದ ಹಾದಿಯನ್ನು ಪಾಳು ನೆಲವೆಂದು ಬಿಟ್ಟಿದ್ದೇವೆ.

ಬೇರೆಯವರ ಹೊಲದ ಮೇಲೆ ನಡೆಯುವ ಹಕ್ಕಿನ ಪ್ರಶ್ನೆಯನ್ನು ನಾರ್ವೆಯವರು 1957ರಲ್ಲೇ ಕಾನೂನು ಮಾಡಿ ಬಗೆಹರಿಸಿಕೊಂಡರು. ಅಲ್ಲಿ ನೆಲ ಹೆಪ್ಪುಗಟ್ಟಿದಾಗ ಇಲ್ಲವೇ ಹಿಮ ಹೊದ್ದಾಗ ಖಾಸಗಿ ಹೊಲದ ಮೇಲೂ ನಡೆದೋ ಸ್ಕೀ ಕಟ್ಟಿಕೊಂಡೋ ಯಾರು ಬೇಕಾದರೂ ದಾಟಬಹುದು. ಏಪ್ರಿಲ್ 30ರಿಂದ ಅಕ್ಟೋಬರ್ 14ರವರೆಗೆ, ಅಂದರೆ ಬೆಳೆಯ ಕಾಲದಲ್ಲಿ, ಹೊಲದ ಮೇಲೆ ಆ ಹಕ್ಕಿಲ್ಲ. ಬೆಳೆಗೂ ಭಂಗವಿಲ್ಲ, ನಡೆಯುವವನಿಗೂ ಅಡ್ಡಿಯಿಲ್ಲ. ಸುಗ್ಗಿ ಮುಗಿದು ಬಿತ್ತನೆಗೆ ಮುಂಚೆ ಹೊಲ ದಾಟುವವರನ್ನು ತಡೆಯದ ನಮ್ಮ ಹಳ್ಳಿಯ ರೂಢಿಯೂ ಇದೇ ಬಗೆಯದು. ಅವರು ಅದನ್ನು ಬರೆದಿಟ್ಟರು, ನಾವು ಬರೆದಿಟ್ಟದ್ದನ್ನೂ ಉತ್ತುಬಿಟ್ಟೆವು.

ಆಗಬೇಕಾದದ್ದು ದುಬಾರಿ ಕೆಲಸವಲ್ಲ. ತಹಶೀಲ್ದಾರರು ತಾಲೂಕಿನ ಪ್ರತಿ ನಕಾಶೆ ದಾರಿಯನ್ನೂ ಬೇಸಿಗೆಯಲ್ಲಿ, ಹೊಲ ಖಾಲಿಯಿದ್ದಾಗ, ಅಳತೆ ಮಾಡಿಸಿ ಕಲ್ಲು ನೆಡಿಸಲಿ. ಉದ್ಯೋಗ ಖಾತ್ರಿಯ ಹಣವಿದ್ದಲ್ಲಿ ಹೊಸ ರಸ್ತೆಗಿಂತ ಮೊದಲು ಇವನ್ನು ತೆರೆಯಲಿ. ಎಲ್ಲದಕ್ಕೂ ಡಾಂಬರು ಬೇಡ, ಎತ್ತಿನ ಗೊರಸಿಗೆ ಮಣ್ಣೇ ಹಿತ. ಚಿಕ್ಕೇರೂರಿನವರಲ್ಲಿ ನನ್ನ ಬೇಡಿಕೆ ಒಂದೇ: ಮುಂದಿನ ಗ್ರಾಮಸಭೆಗೆ ನಿಮ್ಮೂರಿನ ನಕಾಶೆ ಕೈಯಲ್ಲಿ ಹಿಡಿದು ಬನ್ನಿ, ಮುಚ್ಚಿಹೋದ ಒಂದೊಂದು ದಾರಿಯ ಹೆಸರನ್ನೂ ನಡಾವಳಿಯಲ್ಲಿ ಬರೆಸಿ.