ಬಿರುಕಿನ ಮೇಲೆ ಗಿಲಾವು: ಇದು ದುರಸ್ತಿಯೇ, ದೋಷವೇ?



2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಬಹುಮಹಡಿಯ ವಾಣಿಜ್ಯ ಕಟ್ಟಡವೊಂದು ಕುಸಿದು 19 ಜೀವಗಳು ಹೋದವು. ಮೇಲೆ ಕಟ್ಟಡದ ಕೆಲಸ ಮುಗಿದಿರಲಿಲ್ಲ. ಕೆಳಗೆ ಮಳಿಗೆಗಳು ಆಗಲೇ ತೆರೆದಿದ್ದವು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳನ್ನು ಹೊಕ್ಕಿತು, ಲೋಳಸೂರ ಸೇತುವೆ ಮುಳುಗಿತು. ಮೂಡಲಗಿ ಭಾಗದ ನದಿತೀರದ ಹಳ್ಳಿಗಳಿಗೂ, ಹಿರಣ್ಯಕೇಶಿಯ ದಡದಲ್ಲಿರುವ ಹುಕ್ಕೇರಿ ತಾಲೂಕಿನ ಸಂಕೇಶ್ವರಕ್ಕೂ ಅದೇ ಗತಿ ಬಂದಿತು. 2021 ಮತ್ತು 2024ರ ಜುಲೈ ತಿಂಗಳಲ್ಲಿ ಘಟಪ್ರಭೆ ಮತ್ತೆ ದಡ ಮೀರಿತು. ಪ್ರತಿ ಸಲವೂ ನೀರು ಇಳಿಯಿತು. ಅಂಗಡಿಗಳ ಬಾಗಿಲು ತೆರೆಯಿತು. ಗೋಡೆಗಳಿಗೆ ಹೊಸ ಗಿಲಾವು, ಹೊಸ ಬಣ್ಣ ಬಂದಿತು. ಆ ಬಣ್ಣದ ಹಿಂದೆ ಏನಿದೆಯೆಂದು ಕೇಳಿದವರು ಎಷ್ಟು ಮಂದಿ?

ಇದು ಎಂಜಿನಿಯರರ ಪ್ರಶ್ನೆ, ಧರ್ಮಪತ್ರಿಕೆಗೆ ಇದರ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಅನೇಕ ಬಸದಿಗಳ ನಿತ್ಯಪೂಜೆಯ ವೆಚ್ಚವು ಮಳಿಗೆಗಳ ಬಾಡಿಗೆಯಿಂದಲೇ ಸಾಗುತ್ತದೆ. ಆ ಮಳಿಗೆಗಳಲ್ಲಿ ಕುಳಿತು ವ್ಯಾಪಾರ ಮಾಡುವವರೂ ಬಹಳ ಮಂದಿ ನಾವೇ. ಆದುದರಿಂದ ಪ್ರಶ್ನೆ ನಮ್ಮ ಹೊಸ್ತಿಲಿನದೇ ಆಗಿದೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 2019ರ ನೆರೆಯ ನಂತರ ನಾನು ಬಾಡಿಗೆಗೆ ಹಿಡಿದಿದ್ದ ಮಳಿಗೆಯ ಕಂಬದಲ್ಲಿ ಓರೆಯಾದ ಬಿರುಕು ಕಂಡಿತು. ಎಂಜಿನಿಯರರ ಪತ್ರವನ್ನು ತೋರಿಸಬೇಕೆಂದು ಮಾಲೀಕರನ್ನು ಕೇಳಿದೆ. “ಸಾವಕಾರರೇ, ದೀಪಾವಳಿ ಹತ್ತಿರ ಬಂತು, ಗಿರಾಕಿಗಳನ್ನು ಹೆದರಿಸಬೇಡಿರಿ” ಎಂದರು. ಗಿಲಾವು ಬಿತ್ತು. ನಾನು ಸುಮ್ಮನಾದೆ, ಆ ವರ್ಷದ ವ್ಯಾಪಾರವೂ ಚೆನ್ನಾಗಿಯೇ ಆಯಿತು. ಎರಡು ವರ್ಷದೊಳಗೆ ಅದೇ ಬಿರುಕು ಅದೇ ಸ್ಥಳದಲ್ಲಿ ಬಣ್ಣವನ್ನು ಸೀಳಿಕೊಂಡು ಬಂದಿತು. ಯಾರಿಗೂ ಅಪಾಯವಾಗಲಿಲ್ಲ. ಆದರೆ ಆ ಪುಣ್ಯ ನನ್ನದಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದಲೂ ಪಾಪ ಬಂದು ಸೇರುತ್ತದೆಂದು ಬಾಲ್ಯದಿಂದ ಕೇಳಿದವನು ನಾನು. ನನ್ನ ಮೌನವು ಅನುಮೋದನೆಯಲ್ಲದೆ ಮತ್ತೇನು?

“ಯಾರನ್ನೂ ಕೊಲ್ಲುವ ಸಂಕಲ್ಪ ನಮಗಿರಲಿಲ್ಲ” ಎಂಬ ಸಮಾಧಾನವನ್ನು ಜೈನನು ಹೇಳಿಕೊಳ್ಳುವಂತಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನೇ ಮೂಲವಾಗಿ ಹಿಡಿದಿದ್ದಾರೆ. ಪ್ರಾಣಹಾನಿ ಸಂಭವಿಸದಿದ್ದರೂ ಎಚ್ಚರಗೇಡಿಯು ದೋಷದಿಂದ ಪಾರಾಗಲಾರನೆಂಬುದು ಕುಂದಕುಂದಾಚಾರ್ಯರ ನಿಲುವು. ಹಾಗಾದರೆ ಬಿರುಕು ಬಿಟ್ಟ ಕಂಬಕ್ಕೆ ಬಣ್ಣ ಬಳಿದ ದಿನವೇ ಹಿಂಸೆ ನಡೆದುಹೋಯಿತು; ಕಟ್ಟಡ ಬೀಳುವವರೆಗೆ ಅದು ಕಾಯುವುದಿಲ್ಲ.

ಅಣುವ್ರತಗಳ ಅತಿಚಾರಗಳನ್ನು ನೋಡಿರಿ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ಎಂದರೆ ಸುಳ್ಳು ಪತ್ರ ಬರೆಯುವುದು. ಕಟ್ಟಡವನ್ನು ಕಣ್ಣಿನಿಂದ ಸವರಿ “ಭದ್ರವಾಗಿದೆ” ಎಂದು ಬರೆದುಕೊಡುವ ಪ್ರಮಾಣಪತ್ರವು ಬೇರೇನು? ಅಚೌರ್ಯಾಣುವ್ರತದಲ್ಲಿ ಪ್ರತಿರೂಪಕ ವ್ಯವಹಾರವಿದೆ, ಎಂದರೆ ಒಳ್ಳೆಯದರ ಹೆಸರಿನಲ್ಲಿ ಕೀಳು ಸರಕನ್ನು ಕೊಡುವುದು. ತುಪ್ಪದಲ್ಲಿ ಕಲಬೆರಕೆ ಮಾಡುವವನನ್ನು ನಿಂದಿಸುವ ನಾವು, ದುರಸ್ತಿಯ ಹೆಸರಿನಲ್ಲಿ ಗಿಲಾವನ್ನು ಮಾರುವವನನ್ನು ಏಕೆ ಮನ್ನಿಸುತ್ತೇವೆ?

ಲೋಕದ ಅನುಭವವೂ ಇದನ್ನೇ ಸಾರುತ್ತದೆ. ದಕ್ಷಿಣ ಕೊರಿಯದ ಸಿಯೋಲ್ ನಗರದಲ್ಲಿ 1995ರ ಜೂನ್ 29ರಂದು ಸಾಂಪೂಂಗ್ ಮಳಿಗೆ ಕುಸಿದು 502 ಜನ ಮಡಿದರು. ಬಿರುಕುಗಳು ಬೆಳಿಗ್ಗೆಯೇ ಕಂಡಿದ್ದವು; ಮೇಲಂತಸ್ತನ್ನು ಮುಚ್ಚಿ ಉಳಿದ ಅಂತಸ್ತುಗಳಲ್ಲಿ ವ್ಯಾಪಾರ ಮುಂದುವರಿಸಿದರು. ಕೆನಡಾದ ಎಲಿಯಟ್ ಲೇಕ್ ಊರಿನ ಆಲ್ಗೋ ಮಾಲ್ 1980ರಲ್ಲಿ ತೆರೆದಂದಿನಿಂದಲೂ ಅದರ ಮಾಳಿಗೆ ಸೋರುತ್ತಿತ್ತು. ಮೂವತ್ತು ವರ್ಷ ತೇಪೆ ಹಾಕುತ್ತ ಬಂದರು. ಒಳಗೆ ಉಕ್ಕಿನ ಜೋಡಣೆ ತುಕ್ಕು ತಿನ್ನುತ್ತಲೇ ಇತ್ತು. 2012ರ ಜೂನ್ 23ರಂದು ಮಾಳಿಗೆ ಕುಸಿದು ಇಬ್ಬರು ಮಹಿಳೆಯರು ಸತ್ತರು. ಕೆಲವೇ ವಾರಗಳ ಹಿಂದೆ ಎಂಜಿನಿಯರನೊಬ್ಬನು ಕಟ್ಟಡ ಸುಭದ್ರವೆಂದು ಬರೆದಿದ್ದನು. ಅಲ್ಲಿ ಪತ್ರಕ್ಕೆ ಕೊರತೆಯಿರಲಿಲ್ಲ, ಸತ್ಯಕ್ಕೆ ಕೊರತೆಯಿತ್ತು.

ದುರಸ್ತಿ ಎಂದರೇನು? ಗೋಕಾಕ ಸೀಮೆಯ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದರೊಡನೆ ಬುನಾದಿಯೂ ಕದಲುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸಲಾಕೆ ತುಕ್ಕು ಹಿಡಿದರೆ, ಆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚಿನ ಜಾಗವನ್ನು ಬೇಡಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಇಂಥ ಕಂಬದ ಸಡಿಲ ಭಾಗವನ್ನು ಕೆತ್ತಿ ತೆಗೆಯಬೇಕು, ಸಲಾಕೆಯನ್ನು ಶುಚಿಗೊಳಿಸಬೇಕು, ಸವೆದಿದ್ದರೆ ಹೊಸ ಸಲಾಕೆ ಸೇರಿಸಬೇಕು, ಬೇಕಾದಲ್ಲಿ ಕಂಬದ ಸುತ್ತ ಹೊಸ ಕವಚ ಕಟ್ಟಬೇಕು. ಅಷ್ಟು ಮಾಡುವವರೆಗೆ ಮೇಲಿನ ಭಾರಕ್ಕೆ ಆಸರೆ ಕೊಡಬೇಕು. ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ತಾರೀಖು ಬರೆದ ಗಾಜಿನ ಪಟ್ಟಿಯನ್ನು ಅಂಟಿಸಿದರೆ ಸಾಕು. ಗೋಡೆ ಕದಲಿದರೆ ಗಾಜು ಒಡೆದು ಹೇಳುತ್ತದೆ. ಗಾಜಿಗಿರುವ ಪ್ರಾಮಾಣಿಕತೆ ಗಿಲಾವಿಗಿಲ್ಲ.

ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಆಲೋಚನೆ, ಎಂದರೆ ಗುರುಗಳ ಮುಂದೆ ಮುಚ್ಚುಮರೆಯಿಲ್ಲದೆ ತಪ್ಪನ್ನು ನಿವೇದಿಸುವುದು. ಶಿವಾರ್ಯರ ಭಗವತೀ ಆರಾಧನೆಯು ಆಲೋಚನೆಯ ಹತ್ತು ದೋಷಗಳನ್ನು ಹೇಳುತ್ತದೆ. ಪರರು ಕಂಡ ತಪ್ಪನ್ನು ಮಾತ್ರ ಹೇಳುವುದು ದೃಷ್ಟದೋಷ. ಗದ್ದಲದ ನಡುವೆ ಗುರುಗಳಿಗೆ ಕೇಳಿಸದಂತೆ ಹೇಳುವುದು ಶಬ್ದಾಕುಲಿತ ದೋಷ. ಗಿರಾಕಿಯ ಕಣ್ಣಿಗೆ ಬಿದ್ದ ಬಿರುಕನ್ನಷ್ಟೇ ಮುಚ್ಚುವವರೂ, ವಾರ್ಷಿಕ ಸಭೆಯ ಗಲಾಟೆಯಲ್ಲಿ ವರದಿಯನ್ನು ಓದಿ ಮುಗಿಸುವವರೂ ಈ ದೋಷಗಳಿಗೆ ಪಾತ್ರರಲ್ಲವೇ?

ಇನ್ನು ಆಕ್ಷೇಪಣೆಗಳು. ಬಾಡಿಗೆ ನಿಂತರೆ ಪೂಜೆ ನಿಲ್ಲುತ್ತದೆಂದು ವಿಶ್ವಸ್ತರು ಹೇಳುತ್ತಾರೆ. ಜೀವಗಳನ್ನು ಅಪಾಯಕ್ಕೊಡ್ಡಿ ಗಳಿಸಿದ ಹಣದಿಂದ ಅಹಿಂಸೆಯನ್ನು ಬೋಧಿಸಿದ ಜಿನನಿಗೆ ಯಾವ ಅಭಿಷೇಕ ಸಲ್ಲುತ್ತದೆ? ಕೆಲವು ತಿಂಗಳು ಸರಳ ಪೂಜೆ ನಡೆದರೆ ಧರ್ಮಕ್ಕೆ ಹಾನಿಯಿಲ್ಲ. ಗುತ್ತಿಗೆದಾರನೇ ಎಂಜಿನಿಯರರನ್ನು ಕರೆತರುತ್ತಾನಲ್ಲಾ ಎನ್ನುವವರೂ ಇದ್ದಾರೆ. ಕೀರ್ದಿ ಬರೆದ ಗುಮಾಸ್ತನೇ ಲೆಕ್ಕ ಪರಿಶೋಧಕನನ್ನು ನೇಮಿಸಿದರೆ ನಾವು ಆ ಲೆಕ್ಕಕ್ಕೆ ಸಹಿ ಹಾಕುತ್ತೇವೆಯೇ?

ಆದುದರಿಂದ ಮೂರೂ ತಾಲೂಕುಗಳ ವಿಶ್ವಸ್ತ ಮಂಡಳಿಗಳಲ್ಲಿ ನನ್ನ ಬೇಡಿಕೆ ಇಷ್ಟು. ನೆರೆನೀರಿನಲ್ಲಿ ನಿಂತ ಪ್ರತಿಯೊಂದು ಮಳಿಗೆಯನ್ನೂ ಗುತ್ತಿಗೆದಾರನಿಗೆ ಸಂಬಂಧವಿಲ್ಲದ ಎಂಜಿನಿಯರರಿಂದ, ಉಪಕರಣಗಳ ಸಹಾಯದಿಂದ ಪರೀಕ್ಷಿಸಿರಿ. ಗಿಲಾವು ಬೀಳುವ ಮುನ್ನ ದುರಸ್ತಿಯ ಭಾವಚಿತ್ರ ತೆಗೆದಿಡಿರಿ. ವರದಿಯನ್ನು ಕನ್ನಡದಲ್ಲಿ, ತಾರೀಖಿನೊಡನೆ, ಮಳಿಗೆಯ ಬಾಗಿಲಲ್ಲಿಯೇ ಅಂಟಿಸಿರಿ. ಅದರ ಪ್ರತಿಯನ್ನು ನಗರಸಭೆ ಅಥವಾ ಪುರಸಭೆಗೆ ಕೊಡಿರಿ. ಅನುಮಾನವಿರುವವರೆಗೆ ಬೀಗ ಹಾಕಿರಿ, ಆ ಕಾಲದ ಬಾಡಿಗೆಯನ್ನು ಬಿಡಿರಿ. ಬಾಡಿಗೆದಾರರಾದ ನಾವೂ ವರದಿ ಕಾಣದೆ ಬಾಗಿಲು ತೆರೆಯಬಾರದು.

ಒಂದು ಮಾತು ಇನ್ನೊಂದು ಪಕ್ಷದವರಿಗೂ ಸಲ್ಲಬೇಕು. ಇಷ್ಟೆಲ್ಲವನ್ನೂ ಪ್ರಾಮಾಣಿಕವಾಗಿ ಮಾಡಿದ ಮೇಲೆಯೂ “ಆ ಕಟ್ಟಡ ಇಂದೋ ನಾಳೆಯೋ ಬೀಳುತ್ತದೆ” ಎಂದು ಸುದ್ದಿ ಹಬ್ಬಿಸುವವರು ಸತ್ಯವ್ರತವನ್ನೇ ಕೆಡಿಸುತ್ತಾರೆ. ಎಚ್ಚರದಿಂದ ನಡೆದವನನ್ನು ಶಾಸ್ತ್ರವೇ ದೂಷಿಸದಿರುವಾಗ ದೂಷಿಸಲು ನಾವು ಯಾರು? ಆದರೆ ಜನರ ನಂಬಿಕೆಯನ್ನು ಬೇಡಿ ಪಡೆಯುವಂತಿಲ್ಲ, ತೋರಿಸಿ ಪಡೆಯಬೇಕು. ವಿಶ್ವಸ್ತ ಎಂಬ ಪದಕ್ಕೆ ನಂಬಿಕೆಗೆ ಪಾತ್ರನಾದವನು ಎಂದೇ ಅರ್ಥ. ಆ ಹೆಸರನ್ನು ಹೊತ್ತವರು ಮುಂದಿನ ಮಳೆಗಾಲ ಬರುವ ಮುನ್ನ ತಮ್ಮ ಮಳಿಗೆಯ ಕಂಬಗಳ ಮುಂದೆ ಒಮ್ಮೆ ನಿಂತು ನೋಡಲಿ. ನಾನು 2019ರಲ್ಲಿ ಕೇಳಿ ಸುಮ್ಮನಾದ ಪತ್ರವನ್ನು ಈ ಸಲ ಕಾಣದೆ ಬಿಡುವುದಿಲ್ಲ.

ಜಯ ಜಿನೇಂದ್ರ.