ತಡ್ಕೊಳ್ಳಿ ಎನ್ನುವುದು ಚಿಕಿತ್ಸೆಯಲ್ಲ

“ಗಂಡಸರಲ್ವಾ ಯಜಮಾನ್ರೇ, ಸ್ವಲ್ಪ ತಡ್ಕೊಳ್ಳಿ.” ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದ ರಾತ್ರಿ ಅಪ್ಪನಿಗೆ ವಾರ್ಡಿನಲ್ಲಿ ಸಿಕ್ಕ ಔಷಧ ಬಹುಮಟ್ಟಿಗೆ ಈ ಒಂದು ವಾಕ್ಯ. ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಕೆಲವೇ ಗಂಟೆಗಳಲ್ಲಿ ಇಳಿಯಿತು. ಆಮೇಲೆ ಮೂತ್ರಕೋಶ ಹಿಂಡಿದಾಗಲೆಲ್ಲ ಅವರು ಮಂಚದ ಸರಳು ಹಿಡಿದು, “ಏನಿಲ್ಲ, ನೀನು ಮಲಕ್ಕೋ” ಎನ್ನುತ್ತಿದ್ದರು.

ಅದೇ ಇಂಜೆಕ್ಷನ್ನಿನಲ್ಲಿ ಚೂರು ಮಾರ್ಫಿನ್ ಸೇರಿಸಬಹುದು. ಎಷ್ಟು? ಸುಮಾರು 100 ಮೈಕ್ರೋಗ್ರಾಮ್, ಅಂದರೆ ಒಂದು ಮಿಲಿಗ್ರಾಮಿನ ಹತ್ತರಲ್ಲೊಂದು ಪಾಲು. ರಕ್ತನಾಳಕ್ಕೆ 10 ಮಿಲಿಗ್ರಾಮ್ ಕೊಟ್ಟರೂ ನಾಲ್ಕೈದು ಗಂಟೆಗೆ ಮುಗಿಯುವ ಆರಾಮ, ಬೆನ್ನುಹುರಿಯ ದ್ರವಕ್ಕೆ ಸೇರಿದ ಈ ಚೂರಿನಿಂದ ಹೆಚ್ಚುಕಡಿಮೆ ಒಂದು ದಿನ ಉಳಿಯುತ್ತದೆ. ಕ್ಯಾನ್ಸರ್ ನೋವಿಗೆ ಹೀಗೆ ಮಾರ್ಫಿನ್ ಕೊಟ್ಟ ವರದಿ ಬಂದದ್ದು 1979ರಲ್ಲಿ, ನಾನು ಹುಟ್ಟುವುದಕ್ಕೂ ಬಹಳ ಮೊದಲು.

ಅಪಾಯವಿಲ್ಲವೇ? ಇದೆ. ಮೈ ತುರಿಸುತ್ತದೆ, ವಾಕರಿಕೆ ಬರುತ್ತದೆ. ಮೂತ್ರ ಕಟ್ಟಬಹುದು, ಆದರೆ ಪ್ರಾಸ್ಟೇಟ್ ರೋಗಿಗೆ ಕೊಳವೆ ಹೇಗೂ ಹಾಕಿರುತ್ತಾರೆ. ದೊಡ್ಡ ಭಯವೆಂದರೆ, ಮಾರ್ಫಿನ್ ನಿಧಾನವಾಗಿ ಮೇಲೇರಿ ಹಲವು ಗಂಟೆಗಳ ನಂತರ ಉಸಿರಾಟವನ್ನು ಕುಗ್ಗಿಸಬಹುದು. ಡೋಸ್ ಹೆಚ್ಚಿದಷ್ಟೂ, ರೋಗಿಗೆ ವಯಸ್ಸಾದಷ್ಟೂ ಈ ಭಯ ಹೆಚ್ಚು. ಆದ್ದರಿಂದಲೇ ಡೋಸ್ ಸಣ್ಣದಿರಬೇಕು, ರಾತ್ರಿಯಿಡೀ ಉಸಿರು ಎಣಿಸುವವರು ಇರಬೇಕು, ನಲಾಕ್ಸೋನ್ ಕೈಗೆಟುಕುವಂತಿರಬೇಕು.

ಗುಟ್ಟಿರುವುದು ಇಲ್ಲಿಯೇ. ಮಾರ್ಫಿನ್ ಅಗ್ಗ, ಎಚ್ಚರವಿರುವ ನರ್ಸ್ ದುಬಾರಿ. ಒಬ್ಬರಿಗೇ ಇಡೀ ವಾರ್ಡನ್ನು ಒಪ್ಪಿಸಿದ ವ್ಯವಸ್ಥೆ ತನ್ನ ಕೊರತೆಯನ್ನು ರೋಗಿಯ ಗಂಡಸುತನದ ಹೆಸರಿನಲ್ಲಿ ಮುಚ್ಚಿಕೊಳ್ಳುತ್ತದೆ. ಅಂಥ ವಾರ್ಡಿನಲ್ಲಿ ಮಾರ್ಫಿನ್ ಕೊಡದಿರುವುದು ವಿವೇಕವೇ ಇರಬಹುದು. ಹಾಗಿದ್ದರೆ ಕಾರಣ ಹೇಳಲಿ, ಬೇರೆ ನೋವುನಿವಾರಕವನ್ನಾದರೂ ಹೊತ್ತಿಗೆ ಸರಿಯಾಗಿ ಕೊಡಲಿ.

ಇನ್ನು ಕಾನೂನಿನ ನೆಪ. 1985ರ ಮಾದಕವಸ್ತು ಕಾಯ್ದೆ ಆಸ್ಪತ್ರೆಗಳನ್ನು ಹೆದರಿಸಿದ್ದು ನಿಜ. ಆದರೆ ಇಂಥ ಅಗತ್ಯ ಔಷಧಗಳು ರೋಗಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಅದಕ್ಕೆ ತಿದ್ದುಪಡಿ ಬಂದಿದೆ.

ಸಾಹಿತ್ಯ ಓದುವ ನಾವೂ ಇದರಲ್ಲಿ ಪಾಲುದಾರರು. ನೋವು ಮನುಷ್ಯನನ್ನು ಮಾಗಿಸುತ್ತದೆ ಎಂದು ಸೆಮಿನಾರುಗಳಲ್ಲಿ ನಾನೂ ಹೇಳಿದ್ದೇನೆ. ಆ ರಾತ್ರಿ ಅಪ್ಪ ಮಾಗಿದ್ದನ್ನು ನಾನು ಕಾಣಲಿಲ್ಲ, ನಿದ್ದೆಗೆಟ್ಟು ಹಣ್ಣಾದದ್ದನ್ನು ಕಂಡೆ.

ನಿಮ್ಮ ಮನೆಯ ಹಿರಿಯರನ್ನು ಆಪರೇಷನ್ನಿಗೆ ಕರೆದೊಯ್ಯುವ ಮುನ್ನ ಅರಿವಳಿಕೆ ವೈದ್ಯರನ್ನು ಎರಡು ಮಾತು ಕೇಳಿ. ಬೆನ್ನಿನ ಇಂಜೆಕ್ಷನ್ ಇಳಿದ ಮೇಲೆ ನೋವಿಗೆ ಏನು ಕೊಡುತ್ತೀರಿ? ರಾತ್ರಿ ಯಾರು ನೋಡಿಕೊಳ್ಳುತ್ತಾರೆ? ನಾನು ಕೇಳಿರಲಿಲ್ಲ.