ತಿಳುವಳಿಕೆ ಇಲ್ಲ ಅನ್ನೋ ಮೊದಲು, ತಿಳಿಸಿದ್ದೀರಾ?

‘ಹಳ್ಳಿ ಹೆಂಗಸರಿಗೆ ತಿಳುವಳಿಕೆ ಇಲ್ಲ.’ ಎಚ್‌ಪಿವಿ ಲಸಿಕೆಯ ಮಾತು ಬಂದಾಗಲೆಲ್ಲ ಸಭೆಗಳಲ್ಲಿ ಮೊದಲು ಕೇಳಿಸುವುದು ಇದೇ. ಕೇಳಿ ಕೇಳಿ ನಮಗೆ ಸಾಕಾಗಿದೆ. ಪೋಲಿಯೊ ಹನಿ ಯಾವ ಭಾನುವಾರ ಹಾಕುತ್ತಾರೆ ಅಂತ ಊರಿನ ಅಜ್ಜಿಯರಿಗೂ ಗೊತ್ತಿತ್ತು. ಯಾಕೆಂದರೆ ಆಟೊಗೆ ಮೈಕು ಕಟ್ಟಿ ಕೂಗಿದರು, ಮನೆ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು, ತಪ್ಪಿಹೋದ ಮಗುವಿಗಾಗಿ ಮತ್ತೆ ಬಂದರು. ಎಚ್‌ಪಿವಿಗೆ ಎಷ್ಟು ಊರಲ್ಲಿ ಆಟೊ ಕೂಗಿದೆ? ಯಾರೂ ಹೇಳದ ವಿಷಯ ಗೊತ್ತಿಲ್ಲದಿದ್ದರೆ ಅದು ಹೆಂಗಸರ ದಡ್ಡತನ ಹೇಗಾಗುತ್ತದೆ?

ವಿಷಯ ಇಷ್ಟು. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರಿಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಎಚ್‌ಪಿವಿ ಎಂಬ ವೈರಸ್ಸೇ ಕಾರಣ. ಅದು ಹರಡುವುದು ದೈಹಿಕ ಸಂಬಂಧದಿಂದ. ಬಹಳ ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ಒಳಗೇ ಉಳಿದು, ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಆಗುತ್ತದೆ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಹೆಂಗಸರು ಸತ್ತರು.

ಲಸಿಕೆ ಹಾಕಿಸಬೇಕಾದ ಒಳ್ಳೆಯ ವಯಸ್ಸು 9ರಿಂದ 14. ‘ಮದುವೆ ಆಗದ ಹುಡುಗಿಗೆ ಇದೆಲ್ಲ ಯಾಕೆ?’ ಅಂತ ಕಟ್ಟೆ ಮೇಲೆ ಕೂತವರು ಕೇಳುತ್ತಾರೆ. ಕೆರೆ ತುಂಬಿದ ಮೇಲೆ ಏರಿಗೆ ಮಣ್ಣು ಹಾಕುತ್ತೀರಾ, ಬೇಸಿಗೆಯಲ್ಲೇ ಹಾಕುತ್ತೀರಾ? ವೈರಸ್ ತಗಲುವ ಮೊದಲು ಹಾಕಿದರೇ ಲಸಿಕೆಗೆ ಪೂರ್ತಿ ಬಲ. ಇದಕ್ಕೂ ಹುಡುಗಿಯ ನಡತೆಗೂ ಯಾವ ಸಂಬಂಧವೂ ಇಲ್ಲ. ಒಬ್ಬನೇ ಗಂಡನ ಜೊತೆ ಬಾಳಿದವಳಿಗೂ ಈ ರೋಗ ಬರುತ್ತದೆ, ವೈರಸ್ಸನ್ನು ಮನೆಗೆ ತರುವವನು ಗಂಡನೇ ಆಗಿರಬಹುದು. ಆದರೂ ಮಾತು ಹೆಣ್ಣಿನ ನಡತೆಗೇ ಹೋಗಿ ನಿಲ್ಲುತ್ತದೆ, ಗಂಡಸಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ!

ಇನ್ನು ಹೆದರಿಕೆ. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವವರ ಜೊತೆ ನಾವಿಲ್ಲ. ಕಲಬುರಗಿಯ ತಾಂಡಾಗಳಲ್ಲಿ ಏನಾಯಿತು ನೆನಪಿದೆಯಾ? ಬಿಳಿ ಹೋಗುತ್ತೆ, ಹೊಟ್ಟೆನೋವು ಅಂತ ಖಾಸಗಿ ಆಸ್ಪತ್ರೆಗೆ ಹೋದ ಹೆಂಗಸರನ್ನು ‘ಕ್ಯಾನ್ಸರ್ ಆಗುತ್ತೆ’ ಎಂದು ಹೆದರಿಸಿ ಗರ್ಭಕೋಶವನ್ನೇ ತೆಗೆದರು. ಅವರಲ್ಲಿ ಎಷ್ಟೋ ಜನ ಇನ್ನೂ ಸಣ್ಣ ವಯಸ್ಸಿನವರು. ಆ ಊರುಗಳಿಗೆ ಕ್ಯಾನ್ಸರ್ ಅನ್ನೋ ಪದ ಬಂದದ್ದೇ ಹಾಗೆ. ಈಗ ಅದೇ ಪದ ಹಿಡಿದು ಸೂಜಿ ತಂದರೆ ಅವರು ಎರಡು ಸಲ ಯೋಚಿಸುವುದು ಬುದ್ಧಿವಂತಿಕೆಯೇ.

ಲಸಿಕೆಗೂ ಇಂಥದೇ ಒಂದು ಹಳೆಯ ಕಥೆ ಇದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ ಸಾವಿರಾರು ಹುಡುಗಿಯರಿಗೆ ಇದನ್ನು ಹಾಕಿದರು. ಖಮ್ಮಂನಲ್ಲಿ ಎಷ್ಟೋ ಆದಿವಾಸಿ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ಅಪ್ಪ–ಅಮ್ಮನ ಬದಲು ಹಾಸ್ಟೆಲ್ ವಾರ್ಡನ್ ಸಹಿ ಹಾಕಿದ್ದರು. ಮುಂದೆ ಏಳು ಹುಡುಗಿಯರು ತೀರಿಕೊಂಡರು. ಒಬ್ಬಳು ನೀರಿಗೆ ಬಿದ್ದು, ಒಬ್ಬಳು ಹಾವು ಕಚ್ಚಿ, ಹೀಗೆ ಕಾರಣಗಳು ಬೇರೆ ಬೇರೆ. ಸಾವಿಗೂ ಲಸಿಕೆಗೂ ಸಂಬಂಧವಿಲ್ಲ ಎಂದೇ ತನಿಖೆ ಹೇಳಿತು. ಆದರೆ ಹೆತ್ತವರನ್ನು ಕೇಳದೆ ಚುಚ್ಚಿದವರ ಮಾತನ್ನು ಆಮೇಲೆ ಯಾರು ನಂಬುತ್ತಾರೆ? 2010ರಲ್ಲಿ ಎಲ್ಲ ನಿಂತುಹೋಯಿತು.

ಅದೇ ಸಮಯಕ್ಕೆ ಇನ್ನೊಂದು ಅಧ್ಯಯನವೂ ಅರ್ಧಕ್ಕೆ ನಿಂತಿತು. ಎರಡು ಮೂರು ಡೋಸ್ ಆಗಬೇಕಿದ್ದ ಎಷ್ಟೋ ಹುಡುಗಿಯರಿಗೆ ಆಗಿದ್ದು ಒಂದೇ ಡೋಸ್. ಹತ್ತು ವರ್ಷ ಬಿಟ್ಟು ನೋಡಿದರೆ ಆ ಒಂದೇ ಡೋಸ್ ಕೂಡ ಚೆನ್ನಾಗಿ ಕಾಪಾಡಿತ್ತು! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸಿನವರಿಗೆ ಒಂದು ಡೋಸ್ ಸಾಕಾಗಬಹುದು ಎಂದಿತು. ಅದಕ್ಕೆ ಒಂದು ಆಧಾರ ನಮ್ಮ ದೇಶದ ಹುಡುಗಿಯರೇ.

‘ಮುಂದೆ ಮಕ್ಕಳಾಗಲ್ಲ’ ಎಂಬ ವಾಟ್ಸಾಪ್ ಮಾತು ಸುಳ್ಳು. 2006ರಿಂದ ಜಗತ್ತಿನಲ್ಲಿ ಕೋಟಿಗಟ್ಟಲೆ ಜನ ಹಾಕಿಸಿಕೊಂಡಿದ್ದಾರೆ, ಹಾಗಾಗುತ್ತದೆ ಎಂದು ಎಲ್ಲೂ ಕಂಡುಬಂದಿಲ್ಲ. ಸಿಕ್ಕಿಂ 2018ರಲ್ಲೇ ತನ್ನ ಹುಡುಗಿಯರಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಜನರಿಗೆ ಹಾಕಿಸಿತು. ಅಲ್ಲಿನ ಹೆಂಗಸರೇನು ಹುಟ್ಟುತ್ತಲೇ ಎಲ್ಲ ತಿಳಿದುಕೊಂಡಿದ್ದರಾ? ಮೊದಲು ಶಾಲೆಯವರಿಗೆ, ಹೆತ್ತವರಿಗೆ ಹೇಳಿದರು, ಆಮೇಲೆ ಹಾಕಿದರು. ಬೆಟ್ಟಗುಡ್ಡದ ಆ ರಾಜ್ಯಕ್ಕೆ ಆದದ್ದು ಉಳಿದವರಿಗೆ ಯಾಕೆ ಆಗಬಾರದು? ಕೇಂದ್ರದ ಬಜೆಟ್ ಭಾಷಣದಲ್ಲಿ 9ರಿಂದ 14ರ ಹುಡುಗಿಯರ ಲಸಿಕೆಯ ಮಾತು ಬಂದದ್ದು 2024ರಲ್ಲಿ. ಅಷ್ಟು ವರ್ಷ ದುಡ್ಡಿದ್ದವರು ಖಾಸಗಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮಗಳಿಗೆ ಹಾಕಿಸಿದರು. ಕೂಲಿಯವರ ಮಗಳಿಗೆ ಸಿಕ್ಕಿದ್ದು ‘ತಿಳುವಳಿಕೆ ಇಲ್ಲ’ ಎಂಬ ಹಣೆಪಟ್ಟಿ.

ಅಮ್ಮಂದಿರ ವಿಷಯ ಇನ್ನೂ ಕೆಟ್ಟದು. 30 ದಾಟಿದ ಹೆಂಗಸರಿಗೆ ಗರ್ಭಕೋಶದ ಬಾಯಿ ಪರೀಕ್ಷೆ ಆಗಬೇಕು. ವಿನೆಗರ್‌ನಂಥ ದ್ರಾವಣ ಹಚ್ಚಿ ನೋಡುವ ಕೆಲವೇ ನಿಮಿಷದ ಕೆಲಸ, ಕೊಯ್ಯುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಈ ಪರೀಕ್ಷೆ ಆದವರು 100ಕ್ಕೆ ಇಬ್ಬರೂ ಇಲ್ಲ. ಮುಟ್ಟು ನಿಂತ ಮೇಲೂ ರಕ್ತ ಕಂಡರೆ, ಗಂಡನ ಜೊತೆ ಸೇರಿದಾಗ ರಕ್ತ ಬಂದರೆ ಅಕ್ಕಂದಿರೇ, ಸುಮ್ಮನೆ ಕೂರಬೇಡಿ. ಲಸಿಕೆ ಹಾಕಿಸಿಕೊಂಡ ಹುಡುಗಿಗೂ ಮುಂದೆ ಈ ಪರೀಕ್ಷೆ ಬೇಕು.

ಶಾಲೆಯಲ್ಲಿ ಮುಂದಿನ ಪೋಷಕರ ಸಭೆಗೆ ಹೋದಾಗ ಆರೋಗ್ಯ ಕೇಂದ್ರದ ಸಿಸ್ಟರನ್ನು ಕರೆಸಿ ಅಂತ ಮುಖ್ಯೋಪಾಧ್ಯಾಯರಿಗೆ ಹೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಎರಡು ದಿನ ಮೊದಲೇ ಮನೆಗೆ ಬರಲಿ, ಸಹಿ ಹೆತ್ತವರದೇ ಆಗಲಿ. ಯಾವ ಸೂಜಿ, ಯಾಕೆ ಅಂತ ಹುಡುಗಿಗೂ ಹೇಳಲಿ. ಚುಚ್ಚಿದ ಮೇಲೆ ಒಬ್ಬಿಬ್ಬರಿಗೆ ತಲೆ ಸುತ್ತುತ್ತದೆ, 15 ನಿಮಿಷ ಅಲ್ಲೇ ಕೂರಿಸಬೇಕು. ಅವತ್ತು ಬೆಳಿಗ್ಗೆ ಮಗಳನ್ನು ತಿಂಡಿ ತಿನ್ನಿಸಿಯೇ ಕಳಿಸಿ.